ಅಕ್ಕ ಸ್ಪ್ಯಾನಿಷ್ ಕಲಿತದ್ದು

ಮೊನ್ನೆ ಧಾರವಾಡಕ್ಕೆ, ನನ್ನ ತಮ್ಮನ ಮಗಳು ಸುಧಾಳ ಮನೆಗೆ ಹೋಗಿದ್ದೆ. ಸುಧಾಳ ಮಗಳು ಪಿಟೀಲು ಕಲಿಯಲು ಸುರುಮಾಡಿದ್ದಾಳೆ. ಪಡಸಾಲೆಯಲ್ಲಿ ಕುಳಿತು ಕಮಾನಿಗೆ ರಾಳ ತಿಕ್ಕುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಧಾರವಾಡದಲ್ಲಿ ಇರಲಿಲ್ಲ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಒಂದು ಮನೆಯ ಕಟ್ಟೆಯ ಮೇಲೆ, ತೊಡೆಯ ಮೇಲೆ ವ್ಯಾಕರಣದ ಪುಸ್ತಕ ಇಟ್ಟುಕೊಂಡು, ಅಕ್ಕನ ಮಗ್ಗುಲಲ್ಲಿ ಕುಳಿತಿದ್ದೆ.

ನಗಬೇಡಿ. ಎರಡನೆಯ ದೊಡ್ಡ ಯುದ್ಧಕ್ಕೆ ಮೊದಲು, ಹುಬ್ಬಳ್ಳಿಯಲ್ಲಿ, ನಾವಿಬ್ಬರು ಅಕ್ಕತಂಗಿಯರು ಸ್ಪ್ಯಾನಿಷ್ ಕಲಿತೆವು. ಅಕ್ಕ ಕಲಿತಳು ಎನ್ನುವುದೇ ಸರಿ. ನಾನು ಜೊತೆಗೆ ಹೋಗುತ್ತಿದ್ದೆ.

ಅಕ್ಕನ ಗಂಡ ರೈಲ್ವೆ ವರ್ಕ್‌ಶಾಪಿನಲ್ಲಿ ನಕ್ಷೆ ತೆಗೆಯುವ ಕೆಲಸದಲ್ಲಿದ್ದರು. ಅವರ ಸಾಹೇಬ ಅರ್ಜೆಂಟೀನಾದ ಯಾವುದೋ ರೈಲು ಕಂಪನಿ ಸೇರಿದಾಗ ಭಾವನನ್ನೂ ಕರೆದುಕೊಂಡು ಹೋದ. ಎರಡು ವರ್ಷದಲ್ಲಿ ಅಕ್ಕನನ್ನು ಕರೆಸಿಕೊಳ್ಳುವುದೆಂದು ಮಾತಾಗಿತ್ತು. ಅಕ್ಕ ಹುಬ್ಬಳ್ಳಿಯ ಮಗ್ಗುಲ ಗೋಪನಕೊಪ್ಪದ ನಮ್ಮ ಮನೆಗೆ ಬಂದಿದ್ದಳು. ತಿಂಗಳಿಗೊಂದು ಕಾಗದ ಬರುತ್ತಿತ್ತು. ಆಮೇಲೆ ಬರುವುದು ನಿಂತಿತು.

ಭಾವ ಹೋಗಿ ವರ್ಷ ತುಂಬುವ ಹೊತ್ತಿಗೆ ಒಂದು ಲಕೋಟೆ ಬಂತು. ಒಳಗಿನ ಅಕ್ಷರ ಭಾವನದಲ್ಲ, ಭಾಷೆ ಇಂಗ್ಲಿಷೂ ಅಲ್ಲ. ಟಪಾಲಿನವನಿಂದ ಇಸಿದುಕೊಂಡವಳು ಅಕ್ಕ, ನೋಡಿದವಳು ನಾನೊಬ್ಬಳು. ಆಕೆ ಅದನ್ನು ಮಡಿಚಿ ಸೊಂಟಕ್ಕೆ ಸಿಕ್ಕಿಸಿದಳು.

"ಅಪ್ಪಗ ಕೊಡು, ಯಾರ ಕಡಿಂದರೆ ಓದಸ್ತಾರ," ಎಂದೆ.

"ನನ್ನ ಹೆಸರಿಗೆ ಬಂದದ. ನಾನ ಓದತೇನಿ."

ಅಪ್ಪನ ಮುಂದೆ ಆಕೆ ಬೇರೆ ಮಾತು ಹೇಳಿದಳು. "ನಾಳೆ ಅವರು ಕರಸ್ಕೊಂಡ್ರ, ಅಲ್ಲೆ ಹೋಗಿ ಮೂಕಿ ಹಂಗ ಕೂಡಬೇಕಾಗ್ತದ. ಆ ಭಾಷಾ ಕಲೀತೇನಿ." ಅಪ್ಪ ಸಾಲಿ ಮಾಸ್ತರರು, ಕಲಿಯುತ್ತೇನೆ ಎಂದವರಿಗೆ ಬೇಡ ಎಂಬ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲ. ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಬೇಕು ಎಂದಷ್ಟೇ ಹೇಳಿದರು.

ಕಲಿಸಿದವರು ಪಾಸ್ಕಲ್ ಮಾಸ್ತರರು. ಗೋವೆಯ ಕಡೆಯವರು. ಹಡಗಿನಲ್ಲಿ ಪಿಟೀಲು ನುಡಿಸುತ್ತ ಹೋಗಿ, ಬ್ಯೂನಸ್ ಐರಿಸ್‌ನ ಹೋಟೆಲುಗಳಲ್ಲಿ ಒಂಬತ್ತು ವರ್ಷ ಕಳೆದು, ಮುಪ್ಪಿನಲ್ಲಿ ರೈಲ್ವೆ ನೌಕರಿಯ ಮಗನ ಮನೆಗೆ ಬಂದಿದ್ದರು. ಅವರ ಹೆಂಡತಿ ಮಾಡುವ ಕೇಕಿನ ಆಸೆಗೆ ನಾನು ಒಂದು ಪಾಠವನ್ನೂ ತಪ್ಪಿಸುತ್ತಿರಲಿಲ್ಲ. ಅದರಲ್ಲಿ ತತ್ತಿ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ ಎಂದು ಅವ್ವನ ಮುಂದೆ ಆಣೆ ಮಾಡಿದ್ದೆ. ಗೊತ್ತಿತ್ತು.

ಸರ್ವನಾಮದ ಪಾಠ ಮೊದಲು. ನೀ ಎನ್ನಲು 'ತು', ನೀವು ಎನ್ನಲು 'ಉಸ್ತೆದ್'. ಇಷ್ಟೇ ಆಗಿದ್ದರೆ ನಾನೂ ಪಂಡಿತಳಾಗುತ್ತಿದ್ದೆ.

"ಆದರ ನೋಡ್ರಿ ಬಾಯಾರ," ಎಂದರು ಮಾಸ್ತರರು, "ಉಸ್ತೆದ್ ಅಂದಾಗ ಕ್ರಿಯಾಪದ ಅವ, ಅಕಿ ಅನ್ನೂದಕ್ಕ ಬರ್ತದಲ್ಲ, ಅದ ಬರ್ತದ. ಮರ್ಯಾದಿ ಕೊಡೂದಂದ್ರ ಎದುರಿಗಿದ್ದವರನ್ನ ದೂರ ನಿಲ್ಲಸೂದು."

"ನಮ್ಮಲ್ಲಿನೂ ಹಂಗ ಅಲ್ಲೇನ್ರಿ," ಎಂದಳು ಅಕ್ಕ. "ಮನಿಯವರು ಎದುರಿಗೇ ಕೂತಿದ್ರೂ 'ಅವರು ಊಟಾ ಮಾಡ್ತಾರೇನು' ಅಂತ ಕೇಳತೇವಿ."

ಗಂಡನ ಪ್ರಸ್ತಾಪ ಮಾಡಿ ಆಕೆ ನಕ್ಕದ್ದನ್ನು ಬಹಳ ದಿನಗಳ ಮೇಲೆ ನೋಡಿದೆ.

ಐದನೆಯ ತಿಂಗಳು ಭೂತಕಾಲ ಬಂತು. ಸಾಯುವ ಕ್ರಿಯಾಪದದ ರೂಪ 'ಮುರಿಯೊ' ಎಂದು ಮಾಸ್ತರರು ಬರೆಸಿದರು. ಅಕ್ಕನ ಕೈಯ ಪೆನ್ಸಿಲ್ಲು ನಿಂತಿತು. ಮನೆಗೆ ಬಂದವಳೇ ಹಿತ್ತಲಲ್ಲಿ ಕುಳಿತು ಕಾಗದ ಬಿಚ್ಚಿ, ಮೂರನೆಯ ಸಾಲಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದಳು. ಆ ಶಬ್ದ ಅಲ್ಲಿತ್ತು. ಮೊದಲ ದಿನದಿಂದಲೂ ಅಲ್ಲೇ ಇತ್ತು.

"ಅವ್ವಗ ಅಪ್ಪಗ ಹೇಳೋಣ," ಎಂದೆ ಅಳುತ್ತ.

"ಪೂರಾ ಓದೂತನಕ ತಡಿ. ಉಳಿದದ್ದರಾಗ ಏನು ಬರದಾರೋ."

ಎರಡು ದಿನ ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಎಂದಿನಂತೆ ಕುಂಕುಮ ಹಚ್ಚಿಕೊಂಡು ಪಾಠಕ್ಕೆ ಹೊರಟಳು. ಹಾಗೆ ಇನ್ನೂ ನಾಲ್ಕು ತಿಂಗಳು ಹೋದಳು. ಆಕೆಯ ಬೆನ್ನ ಹಿಂದೆ ನಡೆಯುತ್ತ ನಾನು ಅದೆಷ್ಟು ಸಲ ನಿಂತು ಕಣ್ಣೊರೆಸಿಕೊಂಡೆನೋ.

ಕಡೆಗೆ ಬಯಕೆಯ ರೂಪದ ಪಾಠ ಬಂತು. ನಾನು ಸೋತು ಕೈಬಿಟ್ಟದ್ದು ಅಲ್ಲಿಯೇ.

"ಬಂದ, ಬರ್ತಾನ ಅಂದ್ರ ಖರೇ ಸುದ್ದಿ," ಎಂದರು ಮಾಸ್ತರರು. "ಬರಲಿ ಅಂದ್ರ? ಅದು ಇನ್ನೂ ಆಗಿಲ್ಲ, ಮನಸಿನಾಗ ಅದ. ಅದಕ್ಕ ಆ ಮಂದಿ ಬ್ಯಾರೇ ರೂಪ ಇಟ್ಟಾರ."

"ಬರಲಿ ಬರಲಿ ಅಂತ ಹಾದಿ ನೋಡಿ, ಕಡೀಕ ಬರದ ಹೋದ್ರ?"

"ಅದಕ್ಕೂ ರೂಪ ಅದರಿ. ವಿನಿಯೆರಾ."

ಅಕ್ಕ ಸೊಂಟದಿಂದ ಕಾಗದ ತೆಗೆದು ಅವರ ಮುಂದಿಟ್ಟಳು. "ಎಲ್ಲಾ ಓದೇನ್ರಿ ಮಾಸ್ತರ. ಈ ಒಂದು ಸಾಲಿನ್ಯಾಗ ಅದೇ ರೂಪ ಅದ. ತಿಳೀವಲ್ದು."

ಅದನ್ನು ಬರೆದವಳು ಭಾವ ಬಾಡಿಗೆಗಿದ್ದ ಮನೆಯ ಯಜಮಾನಿ. ಜ್ವರ ಎದೆಗೆ ಇಳಿದು ಮೂರು ವಾರ ಮಲಗಿದ್ದರು, ರೋಸಾ ಎಂಬವಳು ಹಗಲೂ ರಾತ್ರಿ ಅವರ ಹತ್ತಿರ ಕುಳಿತಿದ್ದಳು ಎಂದು, ಆಕೆ ಯಾರೆಂದು ಹೇಳದೆ ಬರೆದು, ಮುಂದೆ, 'ಲಾ ಯಾಮಾಬಾ, ಕೆರಿಯಾ ಕೆ ವಿನಿಯೆರಾ' ಎಂದಿದ್ದಳು. ಕರೆಯುತ್ತಿದ್ದರು, ಬರಲಿ ಎಂದು ಬಯಸುತ್ತಿದ್ದರು. ಆದರೆ ಯಾರನ್ನು?

ಮಾಸ್ತರರು ಕನ್ನಡಕ ತೆಗೆದು ಕೆಳಗಿಟ್ಟರು. "'ಲಾ' ಅಂದ್ರ ಅಕಿನ್ನ ಅಂತನೂ ಆಗ್ತದ, ನಿಮ್ಮನ್ನ ಅಂತನೂ ಆಗ್ತದ. 'ವಿನಿಯೆರಾ'ನೂ ಹಂಗ. ಮುಂದ 'ಆ ಉಸ್ತೆದ್' ಅಂತ ಹಚ್ಚಿದ್ರ ನಿಮ್ಮನ್ನ ಅಂತ ಖಾತ್ರಿ ಆಗ್ತಿತ್ತು. ಅಕಿ ಹಚ್ಚಿಲ್ಲ. ನಾ ಸುಳ್ಳು ಹೇಳೂದಿಲ್ಲ, ಬಾಯಾರ. ಬರದು ಕೇಳ್ರಿ."

ಅಂದು ಸಂಜೆ ಅಕ್ಕ ಕುಂಕುಮ ಅಳಿಸಿ ಅಪ್ಪನ ಮುಂದೆ ನಿಂತಳು. ಮನೆಯಲ್ಲಿ ಆದ ಅಳು ಬರೆಯಲಾರೆ. ಆ ನಡುವೆ ಅವ್ವ ನನ್ನನ್ನು ಅಡಿಗೆಮನೆಗೆ ಎಳೆದು, ಕಾಗದದಲ್ಲಿ ಮತ್ತೇನಿತ್ತು ಎಂದು ಕೇಳಿದಳು.

"ಸಾಯೂ ಮುಂದ ಯಾವಕಿನೋ ರೋಸಾನ್ನ ಕರೀತಿದ್ರಂತ," ಎಂದೆ.

ಯಾಕೆ ಹೇಳಿದೆ? ಅಕ್ಕನನ್ನು ಬಿಟ್ಟು ಹೋದ ಭಾವನ ಮೇಲೆ ಸಿಟ್ಟಿತ್ತು. ಅದಕ್ಕಿಂತ ಕೆಟ್ಟದ್ದೂ ಒಂದಿತ್ತು. ಅಕ್ಕನಿಗೆ ಬಿಡಿಸಲಾಗದ ಸಾಲು ನನಗೆ ತಿಳಿದಿದೆ ಎಂಬ ಹಮ್ಮು. ಅವ್ವ ಚಿಕ್ಕಮ್ಮನಿಗೆ ಹೇಳಿದಳು. ತಿಂಗಳೊಳಗೆ ಬಳಗಕ್ಕೆಲ್ಲ ಗೊತ್ತಾಯಿತು. ಭಾವ ಪರದೇಶದಲ್ಲಿ ಇನ್ನೊಂದು ಸಂಸಾರ ಹೂಡಿದ್ದ ಎಂಬಲ್ಲಿಗೆ ಮಾತು ಮುಟ್ಟಿತು.

ಅಕ್ಕ ಆ ಯಜಮಾನಿಗೆ ನಾಲ್ಕೇ ಸಾಲಿನ ಪ್ರಶ್ನೆಯನ್ನು ಮೂರು ವಾರ ತಿದ್ದಿ ಬರೆದು ಟಪಾಲಿಗೆ ಹಾಕಿದಳು. ಉತ್ತರ ಬರಲು ಏಳು ತಿಂಗಳು ಹಿಡಿಯಿತು. ಹಿತ್ತಲಲ್ಲಿ ನನ್ನನ್ನು ಕೂಡಿಸಿಕೊಂಡು, ಒಂದೊಂದೇ ಸಾಲು ಕನ್ನಡ ಮಾಡಿ ಓದಿದಳು.

'ಲಾ ಯಾಮಾಬಾ ಆ ಉಸ್ತೆದ್. ನಿಮ್ಮನ್ನೇ ಕರೆಯುತ್ತಿದ್ದರು, ಅಮ್ಮಾ. ರೋಸಾ ನನ್ನ ಮಗಳು. ಅವಳು ಮಂಚದ ಹತ್ತಿರವೇ ಇದ್ದಳು. ಹತ್ತಿರ ಇದ್ದವಳನ್ನು ಬಾ ಎಂದು ಯಾರು ಕರೆಯುತ್ತಾರೆ?'

ಅಕ್ಕ ಆ ಹೊತ್ತು ಅತ್ತ ಹಾಗೆ ಮೊದಲ ಕಾಗದಕ್ಕೂ ಅತ್ತಿರಲಿಲ್ಲ. ಮುಖ ತೊಳೆದುಕೊಂಡು ಬಂದು, "ಯಾರ ಮುಂದೂ ಹೇಳಬ್ಯಾಡ," ಎಂದಳು. "ಅವರು ಕರದದ್ದು ನನ್ನನ್ನ. ಊರಿಗೆ ಯಾಕ ಹೇಳಬೇಕು?"

ಮಂದಿ ಏನೆನ್ನುತ್ತಾರೆಂದು ಆಕೆಗೆ ಗೊತ್ತಿತ್ತೋ ಇಲ್ಲವೋ. ಅದು ಎಲ್ಲಿಂದ ಹುಟ್ಟಿತೆಂದು ಗೊತ್ತಿತ್ತೋ. ನಾನು ಕೇಳಲಿಲ್ಲ. ಯಾರಿಗೂ ಹೇಳಬೇಡ ಎಂದ ಆಕೆಯ ಮಾತು ನನಗೆ ಅನುಕೂಲವೇ ಆಯಿತು. ಮುಂದೆ ಆಕೆ ಹೆಣ್ಣುಮಕ್ಕಳ ಸಾಲಿಯಲ್ಲಿ ಮೂವತ್ತು ವರ್ಷ ಕಲಿಸಿದಳು, ಮಾಸ್ತರರು ತೀರಿಕೊಳ್ಳುವವರೆಗೆ ಅವರ ಮನೆಗೆ ಹೋಗಿ ಸ್ಪ್ಯಾನಿಷಿನಲ್ಲಿ ಮಾತಾಡಿ ಬರುತ್ತಿದ್ದಳು. ಆಕೆಯೂ ತೀರಿಹೋಗಿ ಆರು ವರ್ಷವಾಯಿತು.

"ಯಾಕತ್ಯಾ, ಸುಮ್ಮನ ಕೂತೀರಿ?" ಎಂದಳು ಸುಧಾ, ಚಹದ ಕಪ್ಪು ಕೈಗೆ ಕೊಡುತ್ತ.

"ನಿಮ್ಮ ದೊಡ್ಡತ್ಯಾ ನೆನಪಾದ್ಳು."

"ಪಾಪ, ಅವರ ಗಂಡಾ ಅಲ್ಲೆ ಇನ್ನೊಬ್ಬಾಕಿನ್ನ ಮಾಡ್ಕೊಂಡಿದ್ರಂತಲ್ರಿ?"

ಇಷ್ಟು ವರ್ಷ ಈ ಮಾತು ಬಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಅಂದು ಕಪ್ಪನ್ನು ಕೆಳಗಿಟ್ಟೆ.

"ಇಲ್ಲ ಸುಧಾ. ಅದು ಸುಳ್ಳು."

"ಅಯ್ಯ, ಮತ್ತ ಎಲ್ಲಾರೂ ಹೇಳತಾರ? ಯಾರು ಹುಟ್ಟಿಸಿದ್ರು ಅದನ್ನ?"

"ನಾನು," ಎಂದೆ.