ಕುಂಕುಮವಿಲ್ಲದ ಕೊರಡು

ಅವರ ಎಡಗಿವಿಯ ಹಾಲೆ ಕೆಳಗಿನಿಂದ ಸೀಳಿ ಎರಡಾಗಿತ್ತು. ಕೊಡಲಿ ಬೀಸಿದಾಗ ಆ ಎರಡು ತುಂಡೂ ಅಲುಗಾಡುತ್ತಿದ್ದವು. ಚಾಮರಾಜಪೇಟೆಯಲ್ಲಿ ನಮ್ಮ ಗೋಡೆಗೆ ಅಂಟಿಕೊಂಡೇ ಅವರ ಸೌದೆ ಡಿಪೋ. ಬೀದಿಗೆಲ್ಲ ಅವರು ಡಿಪೋ ಅಮ್ಮ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ನಾನು ಮದುವೆಯಾಗಿ ಅಲ್ಲಿಗೆ ಬಂದಾಗ ಅವರ ಕಿವಿ ನೆಟ್ಟಗಿತ್ತು.

ಗಂಡ ತೀರಿಕೊಂಡ ಮೇಲೆ ಬಳೆ ಮಾರಿ ಡಿಪೋ ತೆರೆದವರು. ಲೈಸೆನ್ಸು, ಬೋರ್ಡು ಎರಡೂ ಅವರೊಬ್ಬರ ಹೆಸರಿನಲ್ಲಿ. ಆಳಿಲ್ಲ, ಪಾಲುದಾರನಿಲ್ಲ, ಸೀಳುವುದು, ತೂಗುವುದು, ಬೈಯುವುದು ಮೂರೂ ಅವರದೇ. ತೂಕ ಹೆಚ್ಚಲೆಂದು ಸೌದೆ ನೆನೆಸಿ ತಂದ ಗಾಡಿಯವನ ಮೇಲೆ ಒಮ್ಮೆ ತೂಕದ ಕಲ್ಲನ್ನೇ ಎಸೆದರು. ಅವನ ಮೊಣಕಾಲು ಒಡೆಯಿತು. ಆಮೇಲೆ ತಾವೇ ಅರಿಶಿನ ಅರೆದು ಪಟ್ಟು ಹಾಕಿದರು, ಹಾಕುತ್ತಲೇ ಕೆನ್ನೆಗೊಂದು ಬಾರಿಸಿದರು. ನನಗೆ ಅವರೆಂದರೆ ಭಯ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚೂ ಇತ್ತು.

ಅವರ ಮೈದುನನಿಗೆ ಆ ಬೋರ್ಡು ಕಣ್ಣು ಚುಚ್ಚುತ್ತಿತ್ತು. "ಹೆಂಗಸಿನ ಹೆಸರಲ್ಲಿ ಡಿಪೋ ಅಂದ್ರೆ ಮನೆತನಕ್ಕೇ ಅವಮಾನ ಅತ್ತಿಗೆ, ನನ್ನ ಹೆಸ್ರು ಹಾಕ್ಸಿ" ಎಂದು ವಾರಕ್ಕೊಮ್ಮೆ ಬರುತ್ತಿದ್ದ.

"ಸಂಜೇವರ್ಗೂ ಸೌದೆ ಸೀಳು, ಆಮೇಲೆ ಹೆಸರಿನ ಮಾತು" ಎಂದು ಅವರು ಕೊಡಲಿ ತೋರಿಸುತ್ತಿದ್ದರು. ಅವನು ಹಿಂದೆ ಸರಿಯುತ್ತಿದ್ದ.

ಕಳ್ಳ, ಕೊನೆಗೆ ಆಯುಧಪೂಜೆಯ ದಿನವೇ ಬಂದ. ಅವತ್ತು ಕೊಡಲಿ ಕುಂಕುಮ, ಚೆಂಡುಹೂ ಹೊತ್ತು ದೇವರ ಮುಂದೆ ಒರಗಿರುತ್ತದೆ, ಮಾರನೆಯ ದಿನದವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಜೊತೆಗೆ ಗರಡಿಮನೆಯ ಇಬ್ಬರು ದಾಂಡಿಗರು, ಒಂದು ಏಣಿ. ನಾನು ಪೂಜೆಯ ಪ್ರಸಾದಕ್ಕೆಂದು ಹೋಗಿ ಅಲ್ಲೇ ಇದ್ದೆ. ಒಬ್ಬ ಏಣಿ ಹತ್ತಿ ಬೋರ್ಡು ಕಿತ್ತ.

"ಇವತ್ತು ಕೊಡ್ಲಿ ಮುಟ್ಟಲ್ಲ ಅಲ್ವಾ ಅತ್ತಿಗೆ?" ಎಂದು ಮೈದುನ ನಕ್ಕ.

ಅವರು ಕೊಡಲಿಯ ಕಡೆ ನೋಡಿದರು, ಕೈಮುಗಿದರು. ಆಮೇಲೆ ರಾಶಿಯಿಂದ ಒಂದು ಹುಣಸೆ ಕೊರಡು ಎಳೆದುಕೊಂಡರು.

"ಕೊಡ್ಲಿಗೆ ರಜಾ ಕಣೋ. ಸೌದೆಗೆ ನಾನೆಲ್ಲಿ ಪೂಜೆ ಮಾಡಿದೀನಿ?"

ಮೊದಲ ಏಟಿಗೆ ಏಣಿಯ ಮೇಲಿದ್ದವನ ಕಾಲಿನ ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಎರಡನೆಯವನು ಅವರ ಜಡೆ ಹಿಡಿದು ನೆಲಕ್ಕೆ ಕೆಡವಿದ, ಹೊಟ್ಟೆಗೆ ಒದ್ದ. ಮೈದುನ ಕಿವಿಯ ಓಲೆಗೆ ಬೆರಳು ಹಾಕಿ ಜಗ್ಗಿದ. ಓಲೆ ಅವನ ಕೈಗೆ ಬಂತು. ಹೆಗಲ ಮೇಲೆ ರಕ್ತ ಸುರಿಯುತ್ತಿದ್ದರೂ ಅವರು ಕೈಯ ಕೊರಡು ಬಿಡಲಿಲ್ಲ. ಬಿದ್ದಲ್ಲಿಂದಲೇ ಬೀಸಿದರು. ಮೈದುನನ ಮುಂದಿನ ಹಲ್ಲುಗಳು ಮರದ ಹೊಟ್ಟಿನೊಳಗೆ ಉದುರಿದವು. ಜಡೆ ಹಿಡಿದಿದ್ದವನು ಅದನ್ನು ನೋಡಿಯೇ ಓಡಿದ.

ನಾನು ಬಿದ್ದಿದ್ದ ಬೋರ್ಡನ್ನು ಎದೆಗವಚಿಕೊಂಡು ನಿಂತಿದ್ದೆ.

"ಕಿವಿ ಹೋದ್ರೆ ಹೋಗ್ಲಿ, ಬೋರ್ಡು ಕೊಡಮ್ಮ" ಎಂದರು. ಸೆರಗು ಕಿವಿಗೆ ಒತ್ತಿಕೊಂಡು ತಾವೇ ಏಣಿ ಹತ್ತಿ ಮೊಳೆ ಹೊಡೆದರು.

ಕೆಲವು ವರ್ಷದ ಮೇಲೆ ನಮ್ಮ ಮುಂದಿನ ಕೋಣೆಯಲ್ಲಿ ನಾನು ಹೊಲಿಗೆ ಅಂಗಡಿ ತೆರೆಯಲು ಹೊರಟೆ. "ನಮ್ಮಣ್ಣನ ಹೆಸರಲ್ಲಿರ್ಲಿ, ಗೌರವ ಇರತ್ತೆ" ಎಂದರು ನನ್ನ ಯಜಮಾನರು. ಮಾತು ಗೋಡೆಯಾಚೆ ಕೇಳಿರಬೇಕು. ಡಿಪೋ ಅಮ್ಮ ಅದೇ ಹುಣಸೆ ಕೊರಡು ಹೊತ್ತು ತಂದು ನನ್ನ ಮಿಷನ್ನಿನ ಪಕ್ಕ ಇಟ್ಟರು. ರಕ್ತದ ಕಲೆ ಇನ್ನೂ ಕಪ್ಪಗೆ ಉಳಿದಿತ್ತು.

"ಆಯುಧಪೂಜೇಲಿ ಮಿಷನ್ನಿಗೆ ಕುಂಕುಮ ಇಡು, ಕತ್ತರಿಗೂ ಇಡು. ಇದಕ್ಕೆ ಮಾತ್ರ ಇಡ್ಬೇಡ" ಎಂದರು, ನನ್ನ ಯಜಮಾನರ ಮುಖ ನೋಡುತ್ತಾ. ಬೋರ್ಡು ನನ್ನ ಹೆಸರಿನಲ್ಲೇ ಆಯಿತು.

ಅವರು ಹೋಗಿ ಎಷ್ಟೋ ಕಾಲವಾಯಿತು. ಈಗಲೂ ಹಬ್ಬದ ದಿನ ಅಂಗಡಿಯ ಪ್ರತಿಯೊಂದು ಸಾಮಾನಿಗೂ ಕುಂಕುಮ ಇಡುತ್ತೇನೆ. ಆ ಕೊರಡಿಗೆ ಇಡುವುದಿಲ್ಲ.