ಬರಿ ಹೊಲದ ಕಾವಲು

ಹಂಗಳದ ಪುಟ್ಟಮಾದುವಿನ ಹೊಲ ಕಾಡಿಗೆ ಅಂಟಿಕೊಂಡಿತ್ತು. ರಾಗಿ ತೆನೆ ಕಟ್ಟುವ ಕಾಲಕ್ಕೆ ಕಾಡಂದಿ, ಆನೆ ಕಾಯಲು ಊರಿನ ಗಂಡಸರೆಲ್ಲ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ಅಲ್ಲೇ ಮಲಗುವುದು ವಾಡಿಕೆ. ಕೊಯ್ಲು ಮುಗಿದ ಮೇಲೆ ಎಲ್ಲರೂ ಕಂಬಳಿ ಸುತ್ತಿಕೊಂಡು ಹೆಂಡಿರ ಹತ್ತಿರ ಬರುತ್ತಿದ್ದರು. ಪುಟ್ಟಮಾದು ಮಾತ್ರ ಬರುತ್ತಿರಲಿಲ್ಲ. ಕೂಳೆಯೂ ಇಲ್ಲದ ಬರಿ ಹೊಲಕ್ಕೆ ಬೇಸಿಗೆಯಲ್ಲೂ ಕಾವಲು ಹೋಗುತ್ತಿದ್ದ ಪುಣ್ಯಾತ್ಮ ಅವನೊಬ್ಬನೇ.

"ಏನ್ಲಾ ಮಾದು, ಕಲ್ಲು ಬೆಳೆದವಾ? ಅಂದಿ ತಿಂದ್ಬುಟ್ಟಾವು, ಉಸಾರು ಕಣ್ಲಾ" ಎಂದು ಊರವರು ನಗುತ್ತಿದ್ದರು. ಅವನೂ ನಗುತ್ತಿದ್ದ. ನಗು ಬಾರದಿದ್ದವಳು ಅವನ ಹೆಂಡತಿ ಮೂಗಮ್ಮ.

ಮೂರು ಮಕ್ಕಳಾಗುವವರೆಗೆ ಅವರ ಸಂಸಾರ ಚೆನ್ನಾಗಿಯೇ ಇತ್ತು. ಮೂರನೆಯ ಹೆರಿಗೆಯಲ್ಲಿ ಅವಳಿಗೆ ಉಸಿರು ಸಿಕ್ಕಿಕೊಂಡು, ಗಾಡಿ ಕಟ್ಟಿ ಗುಂಡ್ಲುಪೇಟೆಗೆ ಸಾಗಿಸಿದರು. ಬದುಕಿದ್ದೇ ಹೆಚ್ಚು. ಹೊತ್ತು ಮನೆಗೆ ತಂದವನೂ ಅವನೇ, ಗಂಜಿ ಕುಡಿಸಿದವನೂ ಅವನೇ. ಬಾಣಂತನ ಮುಗಿದ ದಿನ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದವನು, ಹೋದವನೇ. ಬೆಳಗ್ಗೆ ಬಂದು ಉಣ್ಣುತ್ತಾನೆ, ದುಡಿದದ್ದನ್ನು ತಂದು ಕೈಗೆ ಕೊಡುತ್ತಾನೆ, ಮಕ್ಕಳನ್ನು ಆಡಿಸುತ್ತಾನೆ. ಅವಳು ನೀರಿನ ಕೊಡ ಎತ್ತಿ ಏದುಸಿರು ಬಿಟ್ಟರೆ ಓಡಿಬಂದು ಕಸಿದುಕೊಳ್ಳುತ್ತಾನೆ. ಕತ್ತಲಾಗುವ ಮುಂಚೆ ಎದ್ದು ಹೊರಡುತ್ತಾನೆ. ಯಾಕೆ ಎಂದರೆ ಬಾಯಿಬಿಟ್ಟು ಒಂದು ಮಾತಿಲ್ಲ.

ಮೂಗಮ್ಮ ಏನೇನೋ ಅಂದುಕೊಂಡಳು. ಕಾಯಿಲೆ ಬಿದ್ದ ಮೈ, ಅವನಿಗೆ ಹೇಸಿಗೆಯಾಗಿರಬೇಕು ಎಂದು ಸೀಗೆ ಹಚ್ಚಿ ಚರ್ಮ ಕೆಂಪಾಗುವಂತೆ ಉಜ್ಜಿಕೊಂಡಳು. ಹೂವು ಮುಡಿದಳು. ಅವನು ಹೂವು ನೋಡಿ ಅವತ್ತು ಇನ್ನೂ ಬೇಗ ಹೊರಟ. ಬೇರೆ ಯಾರೋ ಇದ್ದಾಳೆ ಎಂಬ ಅನುಮಾನ ತಲೆಗೆ ಹೊಕ್ಕಾಗ, ಒಂದು ದಿನ ಕೋಳಿ ಕೂಗುವ ಹೊತ್ತಿಗೆ ಹೊಲಕ್ಕೆ ಹೋಗಿ ನೋಡಿದಳು. ಅಟ್ಟಣೆಯ ಮೇಲೆ ಅವನೊಬ್ಬನೇ, ಚಳಿಗೆ ಮೊಣಕಾಲು ಎದೆಗೆ ಸೇರಿಸಿಕೊಂಡು ಮಲಗಿದ್ದ. ಇನ್ನೊಬ್ಬಳಿದ್ದಿದ್ದರೆ ಜುಟ್ಟು ಹಿಡಿದು ಜಗಳವಾಡಬಹುದಿತ್ತು. ಯಾರೂ ಇಲ್ಲದ ಮೇಲೆ ಜಗಳ ಯಾರೊಂದಿಗೆ? ತಾನೇ ಬೇಡವಾಗಿದ್ದೇನೆ, ಅಷ್ಟೆ. ದಾರಿಯುದ್ದಕ್ಕೂ ಅತ್ತುಕೊಂಡು ಬಂದಳು.

ಪಕ್ಕದ ಮನೆಯ ರಾಚಮ್ಮ ವರ್ಷಕ್ಕೊಂದು ಹೆರುತ್ತ ಸೊರಗಿದ್ದಳು. "ನಿಂಗೇನಮ್ಮಿ, ಎರೋ ಕಾಟ ಇಲ್ಲ, ಪುಣ್ಯವಂತೆ ಕಣ" ಎನ್ನುತ್ತಿದ್ದಳು. ಆ ಪುಣ್ಯವನ್ನು ಮೂಗಮ್ಮ ಯಾರಿಗೆ ಬೇಕಾದರೂ ಧಾರೆ ಎರೆಯಲು ಸಿದ್ಧವಿದ್ದಳು. ಹೀಗೆ ಏಳು ವರ್ಷ ಕಳೆಯಿತು.

ಐವತ್ತೆಂಟನೆಯ ಇಸವಿಯಲ್ಲಿ ಗುಂಡ್ಲುಪೇಟೆಯಿಂದ ನರ್ಸು ಮಹಾಲಕ್ಷ್ಮಮ್ಮ ಹಂಗಳಕ್ಕೆ ಬಂದರು. ಹೆಂಗಸರನ್ನು ಹೊಂಗೆ ಮರದಡಿ ಕೂರಿಸಿ, ಮಕ್ಕಳು ಸಾಕೆನ್ನುವವರಿಗೆ ಏನೇನು ದಾರಿಯಿದೆ ಎಂದು ಬಿಡಿಸಿ ಹೇಳಿದರು. ನೊರೆ ಬರುವ ಮಾತ್ರೆಯಿದೆ, ಅದು ನುಂಗುವುದಲ್ಲ, ಒಳಗಿಡುವುದು. ಸುಲಭ, ಆದರೆ ಪೂರಾ ನಂಬುವಂತಿಲ್ಲ. ಹೆಂಗಸರು ಒಳಗಿಟ್ಟುಕೊಳ್ಳುವ ರಬ್ಬರಿನ ಟೋಪಿಯಿದೆ, ಅದನ್ನು ಅಳತೆ ನೋಡಿ ಕೊಡಬೇಕು, ಪ್ರತಿಸಲವೂ ಮರೆಯದೆ ಇಟ್ಟುಕೊಂಡರೆ ವಾಸಿ. ಎಲ್ಲಕ್ಕಿಂತ ಗಟ್ಟಿ ಎಂದರೆ ಗಂಡಸರಿಗೆ ಮೈಸೂರಿನಲ್ಲಿ ಮಾಡುವ ಸಣ್ಣ ಆಪರೇಷನ್ನು. ಗಂಡಸರು ಎಂದ ಕೂಡಲೇ ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಿದ್ದೇ ನಕ್ಕಿದ್ದು. ಎಲ್ಲ ಕೇಳಿಸಿಕೊಂಡ ಮೂಗಮ್ಮ ತನಗೇಕೆ ಇದೆಲ್ಲ ಎಂದು ಎದ್ದು ಹೊರಟಳು.

"ನಿಂತ್ಕೊಳಮ್ಮ," ನರ್ಸು ಕೂಗಿದರು. "ಉಸಿರು ಸಿಕ್ಕಿಕೊಂಡು ಗಾಡೀಲಿ ಬಂದಿದ್ದೋಳು ನೀನೇ ಅಲ್ವಾ? ಇವಳ ಗುಂಡಿಗೆ ಸೋತಿದೆ, ಇನ್ನೊಂದು ಬಸುರಾದ್ರೆ ಉಳಿಯಲ್ಲ ಅಂತ ಡಾಕ್ಟ್ರು ನಿನ್ನ ಗಂಡನಿಗೆ ಹೇಳಿದಾಗ ನಾನು ಅಲ್ಲೇ ಇದ್ದೆ. ಆಮೇಲೆ ಬಸುರಾಗ್ಲಿಲ್ವಾ?"

"ಇಲ್ಲ ಕಣವ್ವ."

"ಹಂಗಾದ್ರೆ ಏನು ಮಾಡಿದ್ರಿ?"

ಮೂಗಮ್ಮ ಕಾಡಂಚಿನ ಹೊಲದ ಕಡೆ ತಿರುಗಿ ನೋಡಿದಳು. ವಾಪಸ್ಸು ಬಂದು ಮರದಡಿ ಕೂತು, ಆಪರೇಷನ್ನಿನ ವಿಷಯ ಇನ್ನೊಮ್ಮೆ ಬಿಡಿಸಿ ಕೇಳಿದಳು.

ಮಧ್ಯಾಹ್ನ ಮುದ್ದೆ ಹೊತ್ತುಕೊಂಡು ಹೊಲಕ್ಕೆ ಹೋದಾಗ ಅವನು ಉಳುತ್ತಿದ್ದ. ಅವಳು ಕುಕ್ಕೆ ಇಳಿಸಿ, "ನನ್ ಗುಂಡ್ಗೆ ಸೋತೈತಂತೆ" ಎಂದಳು.

ಅವನು ಎತ್ತು ನಿಲ್ಲಿಸಿದ. ಯಾರು ಹೇಳಿದರು ಎಂದು ಕೇಳಲೂ ಇಲ್ಲ. ಅವಳೇ ನರ್ಸಮ್ಮನ ವಿಷಯ, ಮೈಸೂರಿನ ಆಪರೇಷನ್ನಿನ ವಿಷಯ ಒಂದೇ ಉಸಿರಿಗೆ ಹೇಳಿದಳು.

"ಎತ್ಗೆ ಬೀಜ ಒಡ್ದಂಗಾ?" ಎಂದು ಅವನು ಬೆದರಿ ತನ್ನ ಎತ್ತುಗಳ ಕಡೆ ನೋಡಿದ.

"ಅಂಗಲ್ವಂತೆ. ಒಳ್ಗೆ ನರ ಕತ್ರುಸಿ ಕಟ್ತಾರಂತೆ. ದುಡಿಮೇಗೂ ಏನಾಗಲ್ವಂತೆ, ಗಂಡಸ್ತನಕ್ಕೂ ಏನಾಗಲ್ವಂತೆ. ಆದ್ರೆ ಮಾಡಿಸ್ಕಂಡ್ಮೇಲೂ ಮೂರು ತಿಂಗ್ಳು ದೂರ ಇರ್ಬೇಕಂತೆ."

"ಮೂರು ತಿಂಗ್ಳಾ!" ಪುಟ್ಟಮಾದು ನಕ್ಕುಬಿಟ್ಟ.

ಆ ನಗು ಕಂಡು ಅವಳ ಮೈಯೆಲ್ಲ ಉರಿದುಹೋಯಿತು. "ನಗ್ತೀಯಾ? ನನ್ ಕಂಡ್ರೆ ನಿಂಗೆ ಅಸಯ್ಯ ಅಂತ ಏಳೊರ್ಸ ಕಣ್ಣೀರ್ ಆಕಿವ್ನಿ. ಜೀವ ಉಳಿಸ್ದೆ, ಸರಿ. ಅದೊಂದ್ ಮಾತ ಬಾಯ್ಬುಟ್ಟು ಏಳಕ್ಕೆ ಏನ್ ದಾಡಿ ಆಗಿತ್ತು ನಿಂಗೆ?"

ಪುಟ್ಟಮಾದು ನೊಗದ ಮೇಲೆ ಕೈಯಿಟ್ಟುಕೊಂಡ.

"ಏಳಿದ್ರೆ ನೀನು, ಆದದ್ದಾಗ್ಲಿ ಬಾ ಅಂತಿದ್ದೆ ಕಣಮ್ಮಿ," ಎಂದ. "ನಾನು ಬಂದ್ಬುಡ್ತಿದ್ದೆ."

ಇಲ್ಲ ಎನ್ನಲು ಮೂಗಮ್ಮ ಬಾಯಿ ತೆರೆದಳು. ಆದರೆ ಅವನು ಹೇಳಿದ್ದರೂ ತಾನು ಕರೆದೇ ಕರೆಯುತ್ತಿದ್ದೆ ಎಂದು ಅವಳಿಗೂ ಗೊತ್ತಿತ್ತು.