ಅಡ್ಡಗೆರೆಯ ಕೆಳಗೆ ನನ್ನ ಉತ್ತರ

ನನಗೆ ಒಬ್ಬ ಹುಡುಗಿಯ ಮೇಲೆ ಹೊಟ್ಟೆಕಿಚ್ಚು.

ವಯಸ್ಸು ಇಪ್ಪತ್ತೈದೋ ಇಪ್ಪತ್ತಾರೋ ಇರಬಹುದು. ಹೆಸರು ಮಂಜುಳಾ. ನೀಲಿ ಶರ್ಟು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಜೇಬಿನಲ್ಲಿ ಎರಡು ಪೆನ್ನು. ಅವಳು ನಮ್ಮ ಮನೆಯಲ್ಲಿದ್ದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಅಷ್ಟರಲ್ಲಿ ನನ್ನ ಅಮ್ಮನನ್ನು ನನ್ನಿಂದ ಕಿತ್ತುಕೊಂಡುಬಿಟ್ಟಳು.

ನಗಬೇಡಿ. ಪೂರ್ತಿ ಕೇಳಿ.

ಕಳೆದ ತಿಂಗಳು ಒಂದು ಶನಿವಾರ, ಬೆಳಿಗ್ಗೆ ಒಂಬತ್ತೂಕಾಲು. ಗಾಂಧಿ ಬಜಾರಿನಿಂದ ನಾನೇ ತಂದ ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತಿದ್ದ ಅಮ್ಮ ಇದ್ದಕ್ಕಿದ್ದಂತೆ ಗೋಡೆಗೆ ಒರಗಿದಳು. ಮುಖವೆಲ್ಲ ಬೆವರು. "ಎದೆ ಹಿಂಡಿದ ಹಾಗಾಗ್ತಿದೆ ಕಣೋ" ಅಂದಳು. ನನ್ನ ಹೆಂಡತಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ನಾನು ಮಾಡಿದ ಘನಕಾರ್ಯವೆಂದರೆ ಅಡುಗೆಮನೆಗೆ ಓಡಿ ಕಾಫಿ ಬೆರೆಸಿದ್ದು. (ಬಸವನಗುಡಿಯಲ್ಲಿ ಯಾವ ಕಾಯಿಲೆಗೂ ಮೊದಲ ಚಿಕಿತ್ಸೆ ಅದೇ.)

ಆಂಬ್ಯುಲೆನ್ಸ್ ಬರುವ ಹೊತ್ತಿಗೆ ನಮ್ಮ ಹಾಲ್ ತುಂಬಾ ನೆರೆಹೊರೆಯವರು. ಒಬ್ಬರು ಬೀಸಣಿಗೆ ಬೀಸುತ್ತಿದ್ದರು. ಒಬ್ಬರು ಗ್ಯಾಸ್ಟ್ರಿಕ್ ಅಂದರು. ಎದುರು ಮನೆಯ ರಿಟೈರ್ಡ್ ಹೆಡ್‌ಮಾಸ್ಟರು, "ಆಟೋದಲ್ಲಿ ಹಾಕ್ಕೊಂಡು ಹೋಗ್ಬಿಡ್ರೀ" ಎಂದು ಆಟೋವನ್ನೇ ಕರೆಸಿ ಗೇಟಿಗೆ ಅಡ್ಡ ನಿಲ್ಲಿಸಿದ್ದರು.

ಆಂಬ್ಯುಲೆನ್ಸಿನಿಂದ ಇಳಿದು ಅವಳು ಒಳಗೆ ಬಂದಳು. ಹಿಂದೆ ಅವಳಿಗಿಂತ ಎರಡು ಪಟ್ಟು ವಯಸ್ಸಿನ ಡ್ರೈವರು. ಬಂದವಳೇ ದನಿ ಎತ್ತದೆ ಹೇಳಿದಳು. "ಯಜಮಾನ್ರೇ, ಆ ಆಟೋ ತೆಗೆಸಿ, ಗೇಟ್ ಹತ್ರ ನೀವೇ ನಿಂತಿರಿ, ಯಾರನ್ನೂ ಬಿಡ್ಬೇಡಿ. ಅಕ್ಕಾ, ಕಿಟಕಿ ತೆಗೀರಿ. ಮಿಕ್ಕವರು ದಯವಿಟ್ಟು ಹೊರಗೆ." ಎರಡೇ ನಿಮಿಷ, ಹಾಲ್ ಖಾಲಿ! ಹೆಡ್‌ಮಾಸ್ಟರು ಗೇಟಿನಲ್ಲಿ ಅಟೆನ್ಷನ್.

ನಾನೂ ಒಂದು ಸರ್ಕಾರಿ ಕಚೇರಿಯಲ್ಲಿ ಸೂಪರಿಂಟೆಂಡೆಂಟ್. ಕೈಕೆಳಗೆ ಒಂಬತ್ತು ಜನ. ಫ್ಯಾನ್ ಹಾಕಿ ಅನ್ನುವುದನ್ನು ಮೂರು ಸಲ ಹೇಳಿ, ನಾಲ್ಕನೇ ಸಲ ನಾನೇ ಎದ್ದು ಹಾಕಿಕೊಳ್ಳುತ್ತೇನೆ. ಆಗ ಶುರುವಾಯಿತು ನೋಡಿ, ಕಿಚ್ಚು.

ಅವಳು ಬಿಪಿ ಪಟ್ಟಿ ಸುತ್ತುತ್ತಾ ಅಮ್ಮನನ್ನು ಕೇಳಿದಳು. "ಅಮ್ಮಾ, ಈ ನೋವು ಮುಂಚೆ ಬಂದಿತ್ತಾ? ಯಾವುದಾದ್ರೂ ಮಾತ್ರೆ ಒಗ್ಗಲ್ವಾ?"

ಕೇಳಿದ್ದು ಅಮ್ಮನನ್ನು. ಉತ್ತರ ಕೊಟ್ಟಿದ್ದು ನಾನು. "ಏನೂ ಇರ್ಲಿಲ್ಲಮ್ಮ. ಅಲರ್ಜಿ ಗಿಲರ್ಜಿ ಏನಿಲ್ಲ. ನಾನು ದಿನಾ ಬೆಳಿಗ್ಗೆ ವಿಚಾರಿಸ್ತೀನಿ. ಬರ್ಕೊಳ್ಳಿ." ಅವಳು ಬರೆದುಕೊಂಡಳು.

"ಸರಿ, ಆಸ್ಪತ್ರೆಗೆ ಹೊರಡೋಣ."

"ರಾಹುಕಾಲ" ಅಂದಳು ಅಮ್ಮ. "ಹತ್ತೂವರೆ ಆಗ್ಲಿ."

ನನಗೆ ಸಿಟ್ಟು ನೆತ್ತಿಗೇರಿತು. ಸಿಟ್ಟಲ್ಲ, ಭಯ. ಅಪ್ಪ ಹೋದದ್ದೂ ಇದೇ ಗೋಡೆಗೆ ಒರಗಿ. "ಅವಳ ಮಾತು ಕೇಳ್ಬೇಡಿ. ನಾನು ಮಗ. ಎಲ್ಲಿ ಸೈನ್ ಮಾಡ್ಬೇಕು ಹೇಳಿ, ಎತ್ಕೊಂಡು ನಡೀರಿ" ಅಂದೆ.

"ಆಗಲ್ಲ ಸಾರ್. ಅವರಿಗೆ ಪ್ರಜ್ಞೆ ಇದೆ, ತಿಳುವಳಿಕೆ ಇದೆ. ಅವರು ಬೇಡ ಅಂದಮೇಲೆ ನಾನು ಬಲವಂತ ಮಾಡಿದ್ರೆ ಅದು ತಪ್ಪು, ಕೇಸೂ ಆಗುತ್ತೆ. ನಿಮ್ಮ ಸೈನ್ ಇಲ್ಲಿ ನಡೆಯಲ್ಲ."

ನನ್ನ ಮನೆ. ನನ್ನ ಅಮ್ಮ. ನನ್ನ ಸೈನ್ ನಡೆಯಲ್ಲವಂತೆ!

ಅವಳು ನೆಲದ ಮೇಲೆ, ಹುರುಳಿಕಾಯಿಯ ಮೊರದ ಪಕ್ಕದಲ್ಲೇ ಮಂಡಿಯೂರಿ ಕೂತಳು. "ಅಮ್ಮಾ, ಬರೋದು ಬಿಡೋದು ನಿಮ್ಮಿಷ್ಟ. ನನಗೆ ಅನುಮಾನ ಇರೋದು ಹಾರ್ಟ್ ಮೇಲೆ. ಕಾಯ್ತಾ ಕೂತ್ರೆ ಜೀವಕ್ಕೇ ಅಪಾಯ ಆಗ್ಬಹುದು. ಇದನ್ನ ನಿಮಗೆ ಹೇಳೋದು ನನ್ನ ಕೆಲಸ. ಕೇಳಿದ್ಮೇಲೂ ಬೇಡ ಅಂದ್ರೆ, ಬೇಡ ಅಂತ ಬರೀತೀನಿ, ನೀವೇ ಸೈನ್ ಮಾಡಿ. ಏನ್ ಮಾಡೋಣ?"

ಏನ್ ಮಾಡೋಣ! ಎಪ್ಪತ್ತೊಂದು ವರ್ಷದ ನನ್ನ ಅಮ್ಮನನ್ನು ಯಾರಾದರೂ ಹಾಗೆ ಕೇಳಿದ್ದು ನಾನು ಕಂಡಿದ್ದೇ ಇಲ್ಲ. ಏನು ಅಡುಗೆ ಮಾಡಲಿ ಎಂದು ಅವಳು ಎಲ್ಲರನ್ನೂ ಕೇಳುತ್ತಾಳೆ, ಅಷ್ಟೇ.

ಅಮ್ಮ ಕೈಯಲ್ಲಿದ್ದ ಹುರುಳಿಕಾಯಿಯನ್ನು ಮೊರಕ್ಕೆ ಹಾಕಿದಳು. "ನೀನೂ ಜೊತೇಲಿ ಬರ್ತೀಯೇನೇ?"

"ನಿಮ್ಮ ಪಕ್ಕದಲ್ಲೇ ಕೂತಿರ್ತೀನಿ."

"ಹಾಗಾದ್ರೆ ನಡಿ."

(ಪಕ್ಕದಲ್ಲಿ ನಾನೂ ನಿಂತಿದ್ದೆ. ನೀನು ಬರ್ತೀಯಾ ಎಂದು ನನ್ನನ್ನು ಕೇಳಲಿಲ್ಲ.)

ಡ್ರೈವರು ಸ್ಟ್ರೆಚರ್ ತರಲು ಹೋದರು. ಮಂಜುಳಾ ಮೊಬೈಲಿನಲ್ಲಿ ಡಾಕ್ಟರ ಜೊತೆ ಮಾತಾಡಿ, ಒಂದು ಆಸ್ಪಿರಿನ್ ಮಾತ್ರೆ ತೆಗೆದಳು. ಅಮ್ಮನಿಗೆ ಅಗಿಯಲು ಹೇಳಬೇಕು, ಅಷ್ಟರಲ್ಲಿ ತಾನೇ ಕೈ ತಡೆದಳು. ಮಾತ್ರೆಯನ್ನು ಅಂಗೈಯಲ್ಲೇ ಇಟ್ಟುಕೊಂಡು, ನನ್ನ ಕಡೆ ಬೆನ್ನು ಮಾಡಿ ಕೂತಳು. "ಅಮ್ಮಾ, ಮಗ ಹೇಳಿದ್ರು. ನೀವು ಹೇಳಿ. ನೋವಿನ ಮಾತ್ರೆ ಯಾವುದಾದ್ರೂ ತಗೊಂಡು ತೊಂದ್ರೆ ಆಗಿದ್ಯಾ?"

"ಆಗಿತ್ತು. ಹಲ್ಲುನೋವಿಗೆ ಅಂತ ಮೆಡಿಕಲ್ ಶಾಪಲ್ಲಿ ಆಸ್ಪಿರಿನ್ ಅಂತ ಒಂದು ಕೊಟ್ಟಿದ್ರು. ತುಟಿ ಊದಿ, ಉಸಿರೇ ಕಟ್ಟಿಹೋಗಿತ್ತು. ಪಕ್ಕದ್ಮನೆ ಡಾಕ್ಟ್ರು ಇಂಜೆಕ್ಷನ್ ಕೊಟ್ರು. ಇವನು ಆಫೀಸಲ್ಲಿದ್ದ, ಹೇಳ್ಲಿಲ್ಲ. ಈ ಎದೆನೋವೂ ನಾಕ್ ದಿನದಿಂದ ಇದೆ."

ಆ ಮಾತ್ರೆ ಅಮ್ಮನ ಬಾಯಿಯಿಂದ ಒಂದು ಗೇಣು ದೂರದಲ್ಲಿತ್ತು. ಅಲರ್ಜಿ ಇಲ್ಲ, ಬರ್ಕೊಳ್ಳಿ ಎಂದವನು ನಾನು.

ಅವಳು ಮಾತ್ರೆ ಎತ್ತಿಟ್ಟಳು. ಡಾಕ್ಟರಿಗೆ ಮತ್ತೆ ಫೋನ್ ಮಾಡಿ, ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. "ಮೊದಲು ಪೇಷೆಂಟಿನ ಬಾಯಿಂದಲೇ ಕೇಳ್ಬೇಕಿತ್ತು ಸಾರ್. ಮಗ ಹೇಳಿದ್ದನ್ನ ಬರ್ಕೊಂಡ್ಬಿಟ್ಟೆ. ನನ್ನ ತಪ್ಪು." ನಂತರ ಫಾರಂ ತೆಗೆದು, ನನ್ನ ಉತ್ತರದ ಮೇಲೆ ಒಂದೇ ಒಂದು ಗೆರೆ ಎಳೆದಳು. ಪಕ್ಕದಲ್ಲಿ ಟೈಮು, ತನ್ನ ಸಹಿ. ಕೆಳಗೆ ಅಮ್ಮ ಹೇಳಿದ್ದು.

ಸ್ಟ್ರೆಚರ್ ಬಂತು. ಅಮ್ಮನನ್ನು ಅದರ ಮೇಲೆ ಮಲಗಿಸುವಾಗ ನಾನು ತಡೆಯಲಾರದೆ ಪಿಸುಗುಟ್ಟಿದೆ. "ಪೂರ್ತಿ ಹೊಡೆದು ಹಾಕ್ಬಾರ್ದಾ? ಎಲ್ಲಾ ಓದೋ ಹಾಗಿದೆ."

"ಓದೋ ಹಾಗೇ ಇರ್ಬೇಕು ಸಾರ್. ಮುಚ್ಚಿದ್ರೆ ಕೋರ್ಟಲ್ಲಿ ಅದೇ ಅಪರಾಧ."

ನನ್ನ ಆಫೀಸಿನ ಡ್ರಾಯರಿನಲ್ಲಿ ಎರಡು ವೈಟ್ನರ್ ಬಾಟಲಿ ಇವೆ. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ನನ್ನ ತಪ್ಪು ಎಂದು ನಾನು ಒಬ್ಬರ ಎದುರೂ ಹೇಳಿಲ್ಲ. ಹೇಳಿದರೆ ಮರ್ಯಾದೆ ಹೋಗುತ್ತದೆ ಎಂದುಕೊಂಡಿದ್ದೆ. ಅವಳು ಡ್ರೈವರ್ ಎದುರು, ನನ್ನ ಹೆಂಡತಿ ಎದುರು, ಫೋನಿನಲ್ಲಿ ದೊಡ್ಡ ಡಾಕ್ಟರ ಎದುರು ಹೇಳಿದಳು. ನನ್ನ ಹೆಂಡತಿಯ ಕಣ್ಣಲ್ಲಿ ಅವಳ ಬಗ್ಗೆ ಕಂಡ ಮರ್ಯಾದೆ ನನಗೆ ಮದುವೆಯ ದಿನವೂ ಸಿಕ್ಕಿರಲಿಲ್ಲ. ಹೊಟ್ಟೆ ಉರಿಯುತ್ತದೋ ಇಲ್ಲವೋ, ನೀವೇ ಹೇಳಿ.

ಆಂಬ್ಯುಲೆನ್ಸಿನಲ್ಲಿ ನಾನು ಮುಂದೆ ಡ್ರೈವರ್ ಪಕ್ಕ. ಹಿಂದೆ ಅಮ್ಮನ ಕೈ ಅವಳ ಕೈಯಲ್ಲಿತ್ತು. ಕನ್ನಡಿಯಲ್ಲಿ ಕಾಣುತ್ತಿತ್ತು.

ಅಮ್ಮ ಈಗ ಮನೆಯಲ್ಲಿದ್ದಾಳೆ. ಹೃದಯದ ಒಂದು ರಕ್ತನಾಳ ಕಟ್ಟಿಕೊಂಡಿತ್ತು, ಆ ಅಡ್ಡಿ ತೆಗೆದರು. ಆಸ್ಪತ್ರೆಯ ಫೈಲಿನಲ್ಲಿ ಆ ಫಾರಂನ ಕಾಪಿ ಇದೆ. ದಿನಕ್ಕೊಮ್ಮೆ ತೆಗೆದು ನೋಡುತ್ತೇನೆ. ಅಡ್ಡಗೆರೆಯ ಕೆಳಗೆ "ಅಲರ್ಜಿ ಇಲ್ಲ, ಮಗನ ಹೇಳಿಕೆ" ಸ್ಪಷ್ಟವಾಗಿ ಓದಲು ಬರುತ್ತದೆ. ತಪ್ಪು ನನ್ನದು, ಸಹಿ ಅವಳದು.

ನಿನ್ನೆ ಸಂಜೆ ಅಮ್ಮ ಅಂದಳು. "ಆ ಹುಡುಗೀನ ಹುಡುಕಿ ಒಂದು ಫೋನ್ ಮಾಡೋ. ಹುಷಾರಾಗಿದೀನಿ ಅಂತ ಹೇಳ್ಬೇಕು."

ನನಗೆ ತಡೆಯಲಾಗಲಿಲ್ಲ. "ಅವಳಿಗಾದ್ರೆ ಎಲ್ಲಾ ಹೇಳ್ತೀಯ. ನಾಕ್ ದಿನದಿಂದ ನೋವು ಅಂತ ನನಗ್ಯಾಕೆ ಹೇಳ್ಲಿಲ್ಲ? ನಾನು ದಿನಾ ಹೇಗಿದೀಯಾ ಅಂತ ಕೇಳ್ತಿರ್ಲಿಲ್ವಾ?"

"ಕೇಳ್ತಿದ್ದೆ ಕಣೋ" ಅಂದಳು ಅಮ್ಮ. "ಗೇಟಲ್ಲಿ ನಿಂತು, ಸ್ಕೂಟರ್ ಸ್ಟಾರ್ಟ್ ಮಾಡ್ಕೊಂಡು."